ಕಪ್ಪು ಮೈ, ನಾಲ್ಕು ಹಳದಿ ಚುಕ್ಕೆ: ಎರಡೂ ಒಂದೇ ನೆಲದುಂಬಿಯೇ?

ಎಲೆಗೊಬ್ಬರ: ಮಲೆನಾಡಿನ ಕಾಡಿನಲ್ಲಿ ಒಂದೇ ಕೊರಡಿನ ಬಳಿ ತೆಗೆದ ಎರಡು ಫೋಟೊ ಹಾಕಿದ್ದೇನೆ. ಮೊದಲನೆಯದು ಸುಮಾರು 1 ಸೆಂ.ಮೀ., ಎರಡನೆಯದು 2 ಸೆಂ.ಮೀ. ಎರಡಕ್ಕೂ ಕಪ್ಪು ರೆಕ್ಕೆಯ ಮೇಲೆ ನಾಲ್ಕು ಹಳದಿ ಚುಕ್ಕೆ. ಗಂಡು, ಹೆಣ್ಣು ಇರಬಹುದೇ?

ಗೀರುರೆಕ್ಕೆ: ಅಲ್ಲ, ಕುಟುಂಬವೇ ಬೇರೆ. ಚುಕ್ಕೆ ಬಿಟ್ಟು ಮೀಸೆ ನೋಡಿ. ಮೊದಲನೆಯದರ ಮೀಸೆಯ ಕೊನೆಯ ಮೂರು ಗಣ್ಣು ಅಗಲವಾಗಿ, ಚಪ್ಪಟೆಯಾಗಿ ಸೌಟಿನಂತಿವೆ. ರೆಕ್ಕೆಯ ಮೇಲೆ ಗೀರಿಲ್ಲ. ಅದು ಕೊರಡಿನ ಅಣಬೆ ತಿನ್ನುವ ಯೂಮಾರ್ಫಸ್. ಎರಡನೆಯದರ ಮೀಸೆ ಬುಡದಿಂದ ತುದಿಯವರೆಗೆ ದಾರದಂತೆ ಒಂದೇ ಸಮ, ಗಣ್ಣು 11. ರೆಕ್ಕೆಯ ಉದ್ದಕ್ಕೂ ಗೀರು, ಮೈತುಂಬ ಸಣ್ಣ ರೋಮ. ಇದು ನೆಲದುಂಬಿಯೇ, ಕ್ರಾಸ್ಪೆಡೊಫೋರಸ್ ಕುಲದ್ದು ಎನಿಸುತ್ತದೆ.

ಮಣ್ಣುಹಾದಿ: ಗೀರೊಂದನ್ನೇ ನಂಬಬೇಡಿ. ಟೆನೆಬ್ರಿಯಾನಿಡೇ ಕುಟುಂಬದ ಕಪ್ಪು ದುಂಬಿಗಳಿಗೂ ಗೀರಿರುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ. ಅವುಗಳ ಮೀಸೆಯ ಬುಡ ಕಣ್ಣಿನ ಮುಂದೆ, ಮನೆಯ ಸೂರಿನಂಥ ಅಂಚಿನಡಿ ಅಡಗಿರುತ್ತದೆ. ನೆಲದುಂಬಿಯಲ್ಲಿ ಅದು ಕಣ್ಣು, ದವಡೆಯ ನಡುವೆ ಬಯಲಿಗೇ ಕಾಣುತ್ತದೆ. ಪಾದದ ತುಂಡುಗಳನ್ನೂ ಎಣಿಸಿ: ನೆಲದುಂಬಿಗೆ ಆರೂ ಕಾಲಲ್ಲಿ ಐದೈದು, ಅವಕ್ಕೆ ಹಿಂಗಾಲಲ್ಲಿ ನಾಲ್ಕೇ.

ಗಾಜಿನ ಬಟ್ಟಲಲ್ಲಿಟ್ಟು ಕೆಳಗಿನಿಂದಲೂ ಒಂದು ಫೋಟೊ ತೆಗೆಯಿರಿ. ಹಿಂಗಾಲಿನ ಬುಡದ ತಟ್ಟೆ ಹೊಟ್ಟೆಯ ಮೊದಲ ಪಟ್ಟಿಯನ್ನು ಸೀಳಿಕೊಂಡು ಹೋಗಿದ್ದರೆ ಟೆನೆಬ್ರಿಯಾನಿಡೇ ಅಲ್ಲ, ಮತ್ತೆ ಅನುಮಾನವೇ ಬೇಡ. ಬರಿಗೈಲಿ ಹಿಡಿಯಬೇಡಿ, ಹಲವು ನೆಲದುಂಬಿಗಳು ಹೊಟ್ಟೆಯ ತುದಿಯಿಂದ ಉರಿಯುವ ದ್ರವ ಬಿಡುತ್ತವೆ.

ಎಲೆಗೊಬ್ಬರ: ಎರಡನೆಯದರ ಹಿಂಗಾಲಲ್ಲಿ ಐದು ಎಣಿಸಿದೆ. ರೋಮ ಮಾತ್ರ ಫ್ಲ್ಯಾಶಿನ ಹೊಳಪಲ್ಲಿ ಅರ್ಧ ಮುಚ್ಚಿಹೋಗಿದೆ. ಜಾತಿಯ ಹೆಸರು ಹೇಳಬಹುದೇ?

ಗೀರುರೆಕ್ಕೆ: ಈ ಫೋಟೊದಿಂದ ಆಗದು, ಕುಲಕ್ಕೇ ನಿಲ್ಲಿಸಿ. ಈ ಗುಂಪಿನಲ್ಲಿ ನಾಲ್ಕು ಚುಕ್ಕೆಯ ಜಾತಿಗಳು ಹಲವಿವೆ, ಎಷ್ಟೋ ಸಲ ಗಂಡಿನ ಜನನಾಂಗ ಬಿಡಿಸಿ ನೋಡದೆ ತೀರ್ಮಾನವಾಗದು. ತಪ್ಪು ಹೆಸರು ಬರೆದಿಡುವುದಕ್ಕಿಂತ ಅರ್ಧ ಹೆಸರೇ ಮೇಲು. ಮುಂದಿನ ಸಲ ಫ್ಲ್ಯಾಶಿಗೆ ಟಿಶ್ಯೂ ಕಾಗದ ಸುತ್ತಿ, ಬೆಳಕು ಪಕ್ಕದಿಂದ ಬೀಳಲಿ. ಗೀರು, ರೋಮ ಎರಡೂ ಎದ್ದು ಕಾಣುತ್ತವೆ. ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಇರಲಿ.

ಮಣ್ಣುಹಾದಿ: ಚುಕ್ಕೆಯೇ ಇಲ್ಲದ ಅಚ್ಚಕಪ್ಪು ನೆಲದುಂಬಿ ಸಿಕ್ಕರೆ ತಲೆಯನ್ನು ಮೇಲಿನಿಂದ ತೀರ ಹತ್ತಿರಕ್ಕೆ ತೆಗೆಯಿರಿ. ಪ್ರತಿ ಕಣ್ಣಿನ ಒಳಬದಿಯಲ್ಲಿ ನೆಟ್ಟಗೆ ನಿಂತ ಕೂದಲಿರುತ್ತದೆ. ನೆಲದುಂಬಿಗಳಲ್ಲೇ ಹಾರ್ಪಲೀನಿ ಎಂಬ ಗುಂಪಿಗೆ ಒಂದು, ಪ್ಲಾಟಿನೀನಿ ಎಂಬ ಗುಂಪಿಗೆ ಸಾಮಾನ್ಯವಾಗಿ ಎರಡು. ಕೂದಲು ಮುರಿದಿದ್ದರೂ ಅದು ಹುಟ್ಟಿದ ಗುಳಿ ಉಳಿದಿರುತ್ತದೆ, ಅದನ್ನೇ ಎಣಿಸಿ.