ಮಂಗಳೂರಿನಿಂದ ಕಾಣಕೋಣದವರೆಗೆ ಕಾರಿನಲ್ಲಿ: ನನಗೆ ಗಾಳ, ಅವರಿಗೆ ಗಾಲ್ಫ್

ಗಂಗೊಳ್ಳಿ_ಮಗಳು:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಗೆ ನಾನು ಮತ್ತು ನಮ್ಮ ಯಜಮಾನರು ಮೈಸೂರಿನಿಂದ ಕಾರಿನಲ್ಲಿ ಹೊರಟು, ಮಂಗಳೂರಿಗೆ ಇಳಿದು, ಅಲ್ಲಿಂದ ಸಮುದ್ರದ ಬದಿಯಲ್ಲೇ ಉಡುಪಿ, ಕುಂದಾಪುರ, ಹೊನ್ನಾವರ, ಕಾರವಾರ ಅಂತ ಹೋಗಿ ಗೋವಾದ ಕಾಣಕೋಣ ಮುಟ್ಟಬೇಕು ಅಂತಿದ್ದೇವೆ. ಹತ್ತು ದಿನ ಇದೆ. ಅವರು ರಿಟೈರ್ ಆಗಿ ಮೂರು ತಿಂಗಳಾಯಿತು, ಮಕ್ಕಳು ಜೊತೆಗಿಲ್ಲ, ಅವಸರವೂ ಇಲ್ಲ.

ತೊಂದರೆ ಏನಂದ್ರೆ ಅವರಿಗೆ ಗಾಲ್ಫ್ ಹುಚ್ಚು, ನನಗೆ ಗಾಳದ ಹುಚ್ಚು. ಚಿಕ್ಕವಳಿದ್ದಾಗ ಅಪ್ಪಯ್ಯನ ಜೊತೆ ಹೊಳೆ ಬದಿಯಲ್ಲಿ ಕೂತು ಎಷ್ಟು ಕಾಣೆ ಮೀನು ಹಿಡಿದಿದ್ದೇನೋ ಲೆಕ್ಕವಿಲ್ಲ, ಮದುವೆಯಾಗಿ ಮೈಸೂರು ಸೇರಿದ ಮೇಲೆ ಅದೆಲ್ಲ ಬಿಟ್ಟೇ ಹೋಯಿತು. ಈಗ ನಾನು ಮಾಡಿಕೊಂಡಿರುವ ಲೆಕ್ಕ ಇಷ್ಟು: ದಿನಾ ಒಂದು ಊರು, ಬೆಳಗ್ಗೆ ಅವರ ಗಾಲ್ಫ್, ಸಂಜೆ ನನ್ನ ಗಾಳ. ಇದು ನಡೆಯುತ್ತದಾ? ದೋಣಿ ಹತ್ತದೆ ದಡದಿಂದಲೇ ಗಾಳ ಹಾಕಲು ಎಲ್ಲಿ ಚೆನ್ನಾಗಿದೆ? ಗಾಲ್ಫ್ ಎಲ್ಲೆಲ್ಲಿ ಸಿಗುತ್ತದೆ? ಅವರು 14 ಕ್ಲಬ್ಬಿನ (ಚೆಂಡು ಹೊಡೆಯುವ ಕೋಲಿನ) ಪೂರ್ತಿ ಬ್ಯಾಗ್ ತರುತ್ತೇನೆ ಅಂತ ಹಟ ಹಿಡಿದಿದ್ದಾರೆ. ಡಿಕ್ಕಿಯಲ್ಲಿ ಅದೊಂದೇ ಕೂರುತ್ತದೆ!

ಬೆಂಗ್ರೆ_ಬದಿಯವ:
ಅಕ್ಕಾ, ಪ್ಲಾನ್ ಕೇಳಲು ಚಂದ ಉಂಟು, ಆದರೆ ನಡೆಯುವುದಿಲ್ಲ. ಗಾಳ ಹಾಕುವುದು ಸಂಜೆ ಐದಕ್ಕೆ ಅಂತ ನಾವು ಇಟ್ಟುಕೊಂಡರೆ ಆಯ್ತಾ? ಭರತ ಇಳಿತ ನೋಡಬೇಕಲ್ಲ, ಹೊಳೆ ಬದಿಯಲ್ಲಿ ಹುಟ್ಟಿದವರಿಗೆ ನಾನು ಹೇಳಬೇಕಾ ಮಾರಾಯ್ರೆ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಗ್ಗೆ ಆರಕ್ಕೆ ಭರತ ತುಂಬಿದರೆ ವಾರ ಬಿಟ್ಟು ನೋಡಿದರೆ ಅದು ಮಧ್ಯಾಹ್ನ ಹನ್ನೆರಡರ ಹತ್ತಿರ ಬಂದಿರುತ್ತದೆ. ಭರತ ಏರುವಾಗಲೇ ಮೀನು ಅಳಿವೆ (ಹೊಳೆ ಸಮುದ್ರ ಸೇರುವ ಬಾಯಿ) ಒಳಗೆ ನುಗ್ಗುವುದು, ಆ ಹೊತ್ತಿಗೆ ನೀವು ಯಾವುದೋ ಟೋಲ್ ಗೇಟಿನಲ್ಲಿ ನಿಂತಿದ್ದರೆ ಏನು ಪ್ರಯೋಜನ.

ಅದಕ್ಕೆ ದಿನಕ್ಕೊಂದು ಊರು ಬಿಡಿ. ಎರಡು ಅಳಿವೆ ಆರಿಸಿಕೊಳ್ಳಿ, ಒಂದೊಂದರ ಹತ್ತಿರ ಮೂರು ರಾತ್ರಿ ಉಳಿಯಿರಿ. ನಮ್ಮ ಕೋಡಿ ಬೆಂಗ್ರೆ ಒಂದು. ಸೀತಾ, ಸುವರ್ಣಾ ಎರಡೂ ಸಮುದ್ರ ಸೇರುವ ಜಾಗ, ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಒಂದು ರಸ್ತೆ. ಇನ್ನೊಂದು ಹೊನ್ನಾವರದ ಶರಾವತಿ, ಇಲ್ಲಾ ಅಘನಾಶಿನಿ ಸಮುದ್ರ ಸೇರುವ ತದಡಿ ಕಡೆ. ಗಂಗೊಳ್ಳಿಗೆ ಹೇಗೂ ಹೋಗಿಯೇ ಹೋಗುತ್ತೀರಿ, ತವರಲ್ವಾ.

ರಾಡು ರೀಲು ಅಂತ ಸಾವಿರಾರು ಸುರಿಯಬೇಡಿ. ತಂಗೂಸು (ನೈಲಾನ್ ದಾರ), ಸಣ್ಣ ಗಾಳ, ಸೀಸದ ಗುಂಡು, ಹಸಿ ಸಿಗಡಿ. ಕಾಣೆಗೆ ಅಷ್ಟು ಸಾಕು, ಅದು ಮರಳಿನ ತಳದಲ್ಲೇ ಮೇಯುವ ಮೀನು. ಅಮಾವಾಸ್ಯೆ ಹುಣ್ಣಿಮೆ ಹೊತ್ತಿಗೆ ಸೆಳೆತ ಜಾಸ್ತಿ, ಸಣ್ಣ ಗುಂಡು ನಿಲ್ಲುವುದಿಲ್ಲ, ದೊಡ್ಡದೂ ಎರಡು ಇಟ್ಟುಕೊಳ್ಳಿ. ಮೀಸೆಯ ತೇಡೆ ಮೀನು ಸಿಕ್ಕರೆ ಬರಿಗೈಯಲ್ಲಿ ಹಿಡಿಯಬೇಡಿ, ಅದರ ಮುಳ್ಳು ಚುಚ್ಚಿದರೆ ಆ ದಿನದ ಟ್ರಿಪ್ ಮುಗಿದ ಹಾಗೆ. ಬಂಡೆ, ಬ್ರೇಕ್‌ವಾಟರ್ ಮೇಲೆ ಪಾಚಿ ಇರುವ ಕಡೆ ಕಾಲಿಡಲೇಬೇಡಿ.

ಒಂಬತ್ತು_ಗುಳಿ:
ಯಜಮಾನರ ಪರವಾಗಿ ನಾನು. ಮೇಡಂ, ಮೈಸೂರಿನಿಂದ ಮಡಿಕೇರಿ ಮೇಲೆ ಬರುತ್ತೀರಿ ಅಂದುಕೊಳ್ಳುತ್ತೇನೆ. ಅಲ್ಲೇ ಮರ್ಕೆರಾ ಡೌನ್ಸ್ ಗಾಲ್ಫ್ ಮೈದಾನ ಇದೆ, ಒಂದು ಬೆಳಗ್ಗೆ ಆಡಿಸಿ ಸಮಾಧಾನ ಮಾಡಿ. ಮಂಗಳೂರಿನ ಹೊರಗೆ ಪಿಲಿಕುಳದಲ್ಲಿ ಇನ್ನೊಂದು. ಅಲ್ಲಿಂದ ಕಾರವಾರ ದಾಟುವವರೆಗೆ 270 ಕಿಲೋಮೀಟರ್ ಹತ್ತಿರ ಬರುತ್ತದೆ, ಅಷ್ಟರಲ್ಲಿ ನಾನು ಎಲ್ಲೂ ಬ್ಯಾಗ್ ಇಳಿಸಿಯೇ ಇಲ್ಲ. ಆಮೇಲೆ ಕಾಣಕೋಣದ ರಾಜ್‌ಬಾಗ್‌ನಲ್ಲಿ ಲಲಿತ್ ರೆಸಾರ್ಟಿನ ಒಂಬತ್ತು ಗುಳಿಯ ಮೈದಾನ, ಸಮುದ್ರದ ಪಕ್ಕದಲ್ಲೇ.

ಇಲ್ಲಿ ಒಂದು ಮಜಾ ಇದೆ. ರಾಜ್‌ಬಾಗ್ ಬೀಚಿನ ತೆಂಕು ತುದಿಯಲ್ಲಿ ತಲ್ಪೋಣ ನದಿ ಸಮುದ್ರ ಸೇರುತ್ತದೆ. ಅಂದರೆ ಇಡೀ ದಾರಿಯಲ್ಲಿ ನಿಮ್ಮಿಬ್ಬರ ಹುಚ್ಚೂ ಒಂದೇ ಕಡೆ ಕೂಡುವ ಜಾಗ ಅದು. ಅವರು ಒಂಬತ್ತು ಗುಳಿ ಮುಗಿಸುವಷ್ಟರಲ್ಲಿ ನೀವು ಅಳಿವೆಯಲ್ಲಿ ಗಾಳ ಹಾಕಿ ಬರಬಹುದು. ಕೊನೆಯ ಮೂರು ರಾತ್ರಿ ಅಲ್ಲೇ ಇಟ್ಟುಕೊಳ್ಳಿ.

14 ಕ್ಲಬ್ ಅಂದರೆ ನಿಯಮ ಒಪ್ಪುವ ಗರಿಷ್ಠ, ಅಷ್ಟೂ ಇರಲೇಬೇಕು ಅಂತಲ್ಲ. ಒಂದು ಹೈಬ್ರಿಡ್, ಮೂರು ನಾಲ್ಕು ಐರನ್, ಒಂದು ವೆಡ್ಜ್, ಚೆಂಡನ್ನು ಮೆಲ್ಲಗೆ ಗುಳಿಗೆ ಉರುಳಿಸುವ ಪಟರ್, ಇಷ್ಟು ಕೋಲು ಸಾಕು. ತೆಳ್ಳನೆ ಬ್ಯಾಗಿನಲ್ಲಿ ಹಿಂದಿನ ಸೀಟಿನ ಕೆಳಗೆ ಹೋಗುತ್ತದೆ. ಕಾಲರ್ ಇರುವ ಟೀ ಶರ್ಟ್, ಶೂ ಮರೆಯದಿರಲಿ. ಸದಸ್ಯರಲ್ಲದವರನ್ನು ಯಾವ ದಿನ ಬಿಡುತ್ತಾರೆ ಅಂತ ಎಲ್ಲ ಕಡೆಗೂ ಮೊದಲೇ ಫೋನ್ ಮಾಡಿ. ಒಂದು ಕಡೆ ಹೀಗೇ ಹೋಗಿ ಗೇಟಿನಲ್ಲೇ ಚಹಾ ಕುಡಿದು ವಾಪಸ್ ಬಂದವನು ನಾನು.

ಗಂಗೊಳ್ಳಿ_ಮಗಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವರು ನನ್ನ ಹೆಗಲ ಮೇಲಿಂದ ಇಣುಕಿ ಓದುತ್ತಿದ್ದಾರೆ. ಏಳು ಕ್ಲಬ್ಬಿಗೆ ಒಪ್ಪಿದರು, ಮುಖ ಮಾತ್ರ ಹುಣಸೆಹಣ್ಣು. ನಡುವಿನ ಆರು ದಿನ ಸುಮ್ನೆ ಕೂರಲು ಆಗುವುದಿಲ್ಲವಂತೆ, ಬೀಚಿನ ಮರಳಿನಲ್ಲಿ ಬೆಳಗ್ಗೆ ಚೆಂಡು ಹೊಡೆದು ಅಭ್ಯಾಸ ಮಾಡಬಹುದಾ ಅಂತ ಕೇಳುತ್ತಿದ್ದಾರೆ.

ಟೊಂಕದ_ಕಡೆಯವಳು:
ದಯವಿಟ್ಟು ಬೇಡ ಸರ್. ಬೆಳಗ್ಗೆ ಬೀಚಿನ ತುಂಬಾ ಬಲೆ ಎಳೆಯುವವರು, ಒಣಮೀನು ಹರಡುವ ಹೆಂಗಸರು ಇರುತ್ತಾರೆ. ಅಷ್ಟೇ ಅಲ್ಲ, ನಮ್ಮ ಹೊನ್ನಾವರದ ಕಡೆ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡಲು ಬರುತ್ತವೆ, ಮರಳು ಕೆದಕಬಾರದು. ಅಭ್ಯಾಸವೇ ಬೇಕಿದ್ದರೆ ಪಟರ್ ಒಂದು ಹೊರಗಿಟ್ಟುಕೊಂಡು ಹೋಂಸ್ಟೇ ಅಂಗಳದಲ್ಲಿ ಮಾಡಲಿ.

ನಾವು ಗಂಡ ಹೆಂಡತಿ ಹೋದ ವರ್ಷ ಇದೇ ದಾರಿಯಲ್ಲಿ ಹೋಗಿದ್ದೆವು. ಮರವಂತೆಯಲ್ಲಿ ಎಲ್ಲರೂ ಸಮುದ್ರದ ಕಡೆ ನಿಂತು ಫೋಟೋ ತೆಗೆಯುತ್ತಾರೆ, ನೀವು ರಸ್ತೆ ದಾಟಿ ಸೌಪರ್ಣಿಕಾ ಕಡೆ ಕೂತು ನೋಡಿ, ಎಷ್ಟು ತಣ್ಣಗಿರುತ್ತದೆ ಅಂತ. ಕಾರವಾರದಲ್ಲಿ ಸ್ವಲ್ಪ ಸಮಯ ಕೈಯಲ್ಲಿಟ್ಟುಕೊಳ್ಳಿ. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದ ಮೇಲೆ ಹೋಗುವ ಬರುವ ವಾಹನವೆಲ್ಲ ಹೊಸ ಸೇತುವೆ ಮೇಲೆ, ನಾವು ಹೋದಾಗ ಅರ್ಧ ಗಂಟೆ ನಿಂತೆವು. ಗಡಿಯಲ್ಲಿ ನಮ್ಮ ಗಾಳದ ಕೋಲಿನ ಚೀಲ ಬಿಚ್ಚಿಸಿ ನೋಡಿದರು, ಗಾಲ್ಫ್ ಬ್ಯಾಗ್ ನೋಡಿ ಏನಂತಾರೋ!

ಹಿಡಿದ ಮೀನನ್ನು ಹೋಂಸ್ಟೇಯಲ್ಲಿ ಮಾಡಿಕೊಡುತ್ತಾರಾ ಅಂತ ಬುಕ್ ಮಾಡುವಾಗಲೇ ಕೇಳಿ. ಎಷ್ಟೋ ಮನೆ ಶುದ್ಧ ಸಸ್ಯಾಹಾರಿ. ನಾವು ಕೇಳದೆ ಹೋಗಿ ಎಂಟು ಕಾಣೆಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಅನ್ನ ತಂಬುಳಿ ಉಂಡೆವು. ತಂಬುಳಿ ಚೆನ್ನಾಗಿತ್ತು, ಅದು ಬೇರೆ ಮಾತು.

ಗಂಗೊಳ್ಳಿ_ಮಗಳು:
ಅಯ್ಯೋ, ಎಂಟು ಕಾಣೆ! ಸರಿ, ಪ್ಲಾನ್ ಬದಲಾಯಿತು. ಮಡಿಕೇರಿ ಒಂದು ರಾತ್ರಿ, ಪಿಲಿಕುಳ ಒಂದು, ಬೆಂಗ್ರೆ ಮೂರು, ತವರು ಒಂದು, ಕೊನೆಗೆ ರಾಜ್‌ಬಾಗ್ ಮೂರು. ಹೊನ್ನಾವರ ಹೋಗುತ್ತಾ ಊಟಕ್ಕೆ ಮಾತ್ರ. ಅಪ್ಪಯ್ಯನ ಗಾಳದ ಡಬ್ಬಿ ಅಟ್ಟದ ಮೇಲಿದೆಯಂತೆ, ತಮ್ಮ ಇಳಿಸಿಡುತ್ತಾನೆ. ಕೊನೇ ಪ್ರಶ್ನೆ, ಸಿಗಡಿಯನ್ನು ಐಸ್ ಡಬ್ಬಿಯಲ್ಲಿ ಮಂಗಳೂರಿನಿಂದಲೇ ಒಯ್ಯಲಾ?

ಬೆಂಗ್ರೆ_ಬದಿಯವ:
ಬೇಡ ಅಕ್ಕಾ. ಡಬ್ಬಿ ಸೋರಿದರೆ ಭಾವ ಕಾರಿನಿಂದ ಇಳಿದು ಬಸ್ ಹತ್ತುತ್ತಾರೆ. ಬೆಳಗ್ಗೆ ದೋಣಿ ಬರುವಾಗ ದಕ್ಕೆಯಲ್ಲೇ ಒಂದು ಹಿಡಿ ತಗೊಳ್ಳಿ.