ಅಂಗಾಲು ಒತ್ತಿ ರೋಗ ಗುರುತಿಸುವುದನ್ನು ಎಷ್ಟು ನಂಬಬಹುದು?

ಪ್ರಶ್ನೆ (ವಿಜಯಪುರ)

ಕಳೆದ ತಿಂಗಳು ನಮ್ಮ ಬಡಾವಣೆಯಲ್ಲಿ ನಡೆದ ರಿಫ್ಲೆಕ್ಸಾಲಜಿ (ಅಂಗಾಲಿನ ಒಂದೊಂದು ಜಾಗವೂ ದೇಹದ ಒಂದೊಂದು ಅಂಗಕ್ಕೆ ಸಂಬಂಧಿಸಿದೆ ಎನ್ನುವ ಪದ್ಧತಿ) ಶಿಬಿರಕ್ಕೆ ತಾಯಿಯವರನ್ನು ಕರೆದೊಯ್ದಿದ್ದೆ. ಅಲ್ಲಿನವರು ಎಡ ಅಂಗಾಲಿನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ತಾಯಿ ‘ಯವ್ವಾ’ ಎಂದು ಕಾಲು ಹಿಂದಕ್ಕೆಳೆದುಕೊಂಡರು. ಅಷ್ಟಕ್ಕೇ ಮೇದೋಜೀರಕ ಗ್ರಂಥಿ ದುರ್ಬಲವಾಗಿದೆ ಎಂದು ಹೇಳಿದರು. ವಾರದ ನಂತರ ಬಾಗಲಕೋಟೆಯಲ್ಲಿ ಇನ್ನೊಬ್ಬರು ಅದೇ ಪಾದ ನೋಡಿ, ಮೇದೋಜೀರಕದ ಮಾತೆತ್ತದೆ, ಮೂತ್ರಪಿಂಡದ ತೊಂದರೆ ಎಂದರು. ಈ ವಿಧಾನವನ್ನು ಯಾರಾದರೂ ಸರಿಯಾಗಿ ಪರೀಕ್ಷಿಸಿದ್ದಾರೆಯೇ?

ಉತ್ತರ 1 (ಬೆಳಗಾವಿ)

ಪರೀಕ್ಷಿಸಿದ್ದಾರೆ. ಪರ್ಯಾಯ ಚಿಕಿತ್ಸೆಗಳ ಸಂಶೋಧಕ ಎಡ್ಜರ್ಡ್ ಅರ್ನ್ಸ್ಟ್ ಅವರೂ ಇದ್ದ ಬ್ರಿಟನ್ನಿನ ತಂಡವೊಂದು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೊತ್ತುಪಡಿಸಿದ 6 ಕಾಯಿಲೆಗಳಲ್ಲಿ ಒಂದಾದರೂ ಇದ್ದ 18 ಜನರ ಪಾದಗಳನ್ನು ಇಬ್ಬರು ರಿಫ್ಲೆಕ್ಸಾಲಜಿಸ್ಟರು, ಯಾರಿಗೆ ಯಾವ ಕಾಯಿಲೆಯೆಂದು ತಿಳಿಯದೆಯೇ, ಪರಿಶೀಲಿಸಿದರು. ಅವರ ನಿರ್ಣಯ ಕುರುಡು ಊಹೆಗಿಂತ ಮೇಲಿರಲಿಲ್ಲ. ಇಬ್ಬರ ನಡುವಿನ ಒಮ್ಮತವಂತೂ ತೀರ ಕಡಿಮೆಯಿತ್ತು. ನಿಮ್ಮ ತಾಯಿಯವರಿಗೆ ಆದದ್ದೂ ಇದೇ.

ಉತ್ತರ 2 (ಮಹಾಲಿಂಗಪುರ)

ಒಮ್ಮತವನ್ನು ಎಣಿಸುವಾಗಲೂ ಎಚ್ಚರ ಬೇಕು. ಉದಾಹರಣೆಗೆ, ಇಬ್ಬರು ಪರೀಕ್ಷಕರೂ 20 ಜನರಲ್ಲಿ ತಲಾ 10 ಜನರಿಗೆ ‘ರೋಗವಿದೆ’ ಎಂದು ಕಣ್ಣುಮುಚ್ಚಿ ಬರೆದರೂ ಸರಾಸರಿ 10 ಜನರ ವಿಷಯದಲ್ಲಿ ಅವರ ಮಾತು ಕೂಡಿಯೇ ಕೂಡುತ್ತದೆ. ಅದನ್ನು ಕಳೆದು ಉಳಿದದ್ದನ್ನು ಅಳೆಯಲೆಂದೇ ಜೇಕಬ್ ಕೊಹೆನ್ 1960ರಲ್ಲಿ ‘ಕಪ್ಪಾ’ ಎಂಬ ಅಳತೆಯನ್ನು ಕೊಟ್ಟರು. ಪೂರ್ಣ ಒಮ್ಮತವಿದ್ದರೆ ಕಪ್ಪಾ 1; ಈ 20ರಲ್ಲಿ 14 ಜನರ ವಿಷಯದಲ್ಲಿ ಒಮ್ಮತ ಬಂದರೂ ಅದು ಕೇವಲ 0.4 ಆಗುತ್ತದೆ. ಇನ್ನು, ಇಬ್ಬರೂ ಒಂದೇ ಮಾತು ಹೇಳಿದ ಮಾತ್ರಕ್ಕೆ ಅದು ನಿಜವೆಂದಲ್ಲ: ನಮ್ಮ ಬೆಲ್ಲದ ಪೇಟೆಯಲ್ಲಿ ಕಿಲೋಗೆ ನೂರು ಗ್ರಾಂ ಹೆಚ್ಚು ತೋರಿಸುವ ತಕ್ಕಡಿ ದಿನವಿಡೀ ತಪ್ಪದೆ ಅಷ್ಟೇ ಹೆಚ್ಚು ತೋರಿಸುತ್ತದೆ.

ನೀವೇ ನೋಡಬೇಕೆಂದರೆ, ಪಿತ್ತಕೋಶ ತೆಗೆಸಿಕೊಂಡವರನ್ನೂ ತೆಗೆಸದವರನ್ನೂ ಪರದೆಯ ಹಿಂದೆ ಮಲಗಿಸಿ, ಪಾದಗಳಷ್ಟೇ ಹೊರಗೆ ಕಾಣುವಂತೆ ಮಾಡಿ, ಯಾರಿಗೆ ಪಿತ್ತಕೋಶವಿಲ್ಲವೆಂದು ರಿಫ್ಲೆಕ್ಸಾಲಜಿಸ್ಟರನ್ನು ಕೇಳಿ. ರೋಗಿ ಬಾಯಿ ಬಿಡಬಾರದು, ಏಕೆಂದರೆ ಅರ್ಧ ರೋಗನಿರ್ಣಯ ಮಾತುಕತೆಯಲ್ಲೇ ಆಗಿರುತ್ತದೆ.

ಉತ್ತರ 3 (ಜಮಖಂಡಿ)

ನಮ್ಮ ಅಜ್ಜಿಗೆ ಪಾದ ಒತ್ತಿಸಿಕೊಂಡರೆ ಒಳ್ಳೆಯ ನಿದ್ದೆ ಬರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಾಯೆನಿಸುವುದು ಬೇರೆ, ರೋಗ ಪತ್ತೆ ಬೇರೆ. ಮೇದೋಜೀರಕ ಎಂದದ್ದರಿಂದ ಮಧುಮೇಹದ ಸಂಶಯವಿದ್ದರೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ), ಮೂತ್ರಪಿಂಡಕ್ಕೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಮಧುಮೇಹಿಗಳ ಅಂಗಾಲನ್ನು ವೈದ್ಯರೂ ನೋಡುತ್ತಾರೆ, ಆದರೆ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ತಾಗಿಸಿ, ಸ್ಪರ್ಶ ತಿಳಿಯುತ್ತದೆಯೇ ಎಂದಷ್ಟೇ ಕೇಳುತ್ತಾರೆ.

ಪ್ರಶ್ನೆ ಕೇಳಿದವರು (ವಿಜಯಪುರ)

ಎಲ್ಲರಿಗೂ ಧನ್ಯವಾದಗಳು. ವರದಿಗಳು ಬಂದಿವೆ: ಎಚ್‌ಬಿಎ1ಸಿ 5.4, ಕ್ರಿಯಾಟಿನಿನ್ 0.8, ಮೂತ್ರ ಪರೀಕ್ಷೆಯಲ್ಲೂ ದೋಷವಿಲ್ಲ. ಅಂಗಾಲಿನ ನೋವಿಗೆ ವೈದ್ಯರು ಸವೆದ ಹವಾಯಿ ಚಪ್ಪಲಿ ಬಿಡಿಸಿ, ಮೆತ್ತನೆಯದನ್ನು ಹಾಕಿಕೊಳ್ಳಲು ಹೇಳಿದ್ದಾರೆ.