ಔಟ್‌ಕಾಸ್ಟ್‌ನ ಎರಡನೇ ಆಲ್ಬಂ ಯಾಕೋ ಹಿಡಿಸುತ್ತಿಲ್ಲ, ಹೇಗೆ ಕೇಳಬೇಕು?

ಪ್ರಶ್ನೆ: ಅಮೆರಿಕದ ಅಟ್ಲಾಂಟಾದ ರ‍್ಯಾಪ್ ಜೋಡಿ ಔಟ್‌ಕಾಸ್ಟ್‌ನ 1994ರ ಮೊದಲ ಆಲ್ಬಂ ಅಂದ್ರೆ ನನಗೆ ಪ್ರಾಣ. ಅದೇ ಜೋಶ್‌ನಲ್ಲಿ 1996ರ ಎರಡನೆಯದು, 'ಎಟಿಎಲಿಯನ್ಸ್' ಹಾಕಿದೆ. ನಿಧಾನ, ಖಾಲಿ ಖಾಲಿ, ಎಲ್ಲಾ ಕಡೆ ಪ್ರತಿಧ್ವನಿ. ಅಟ್ಲಾಂಟಾ ಉಚ್ಚಾರ ಬೇರೆ, ಅರ್ಧಕ್ಕರ್ಧ ತಲೆಗೆ ಹೋಗುವುದಿಲ್ಲ. ಕೇಳಿದವರೆಲ್ಲ ಇದೇ ಬೆಸ್ಟ್ ಅನ್ನುತ್ತಾರೆ. ನಿಮಗೆ ಇದು ಹೇಗೆ ಹಿಡಿಸಿತು? ಎಲ್ಲಿಂದ ಶುರು ಮಾಡಲಿ?

ಬೆಂಗಳೂರಿನಿಂದ: ಮೊಬೈಲ್ ಸ್ಪೀಕರ್‌ನಲ್ಲಿ ಕೇಳುತ್ತಿದ್ದರೆ ಮೊದಲು ಅದನ್ನು ಬಿಡಿ. ಈ ಆಲ್ಬಂನ ಅರ್ಧ ಜೀವ ಬೇಸ್‌ನಲ್ಲಿದೆ, ಸಣ್ಣ ಸ್ಪೀಕರ್‌ನಲ್ಲಿ ಅದು ಬರುವುದೇ ಇಲ್ಲ. ಆಮೇಲೆ ಹಾಡುಗಳ ಕ್ರಮ ಎಲ್ಲಾ ಮರೆತು ನೇರವಾಗಿ 'ಎಲಿವೇಟರ್ಸ್' ಹಾಕಿ. ಬೇಸ್‌ನ ಕೆಲವೇ ಸ್ವರಗಳು ಸುತ್ತುತ್ತಲೇ ಇರುತ್ತವೆ. ಮೇಲೊಂದು ಪೆಟ್ಟು ಬೀಳುತ್ತದೆ, ಅದರ ಸದ್ದು ದೂರ ಹೋಗಿ ಕರಗುತ್ತದೆ. ನಿಮಗೆ ಖಾಲಿ ಅನಿಸಿದ ಜಾಗ ಅದೇ. ಮಾತು ಕೇಳಿಸಲಿ ಅಂತ ಬೇಕೆಂದೇ ಬಿಟ್ಟ ಜಾಗ ಅದು.

ಇನ್ನೊಂದು ವಿಷಯ. ಮೊದಲ ಆಲ್ಬಂನ ಸಂಗೀತ ಆರ್ಗನೈಸ್ಡ್ ನಾಯ್ಜ್ ತಂಡದ್ದು. ಅದು ಗೆದ್ದ ಮೇಲೆ ಈ ಜೋಡಿಯ ಆಂಡ್ರೆ, ಬಿಗ್ ಬಾಯ್ ಇಬ್ಬರೂ ತಾವೇ ಯಂತ್ರ ಕೊಂಡು ಬೀಟ್ ಮಾಡಲು ಕಲಿತರು. 'ಎಲಿವೇಟರ್ಸ್' ಅವರದೇ ಕೆಲಸ. ಆಗ ಇಬ್ಬರಿಗೂ ಬರೀ 21 ವರ್ಷ! ಅಮೆರಿಕದ ಹಿಟ್ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಅದು 12ನೇ ಸ್ಥಾನದವರೆಗೂ ಹೋಯಿತು.

ಅಟ್ಲಾಂಟಾದಿಂದ: ನಮ್ಮ ಕನ್ನಡದವರು ಇಲ್ಲಿ ಜಾಸ್ತಿ ಇರುವುದು ಊರಿನ ಉತ್ತರಕ್ಕೆ, ಆಲ್ಫರೆಟಾ, ಜಾನ್ಸ್ ಕ್ರೀಕ್ ಕಡೆ. ಈ ಹುಡುಗರು ಬೆಳೆದದ್ದು ಪೂರ್ತಿ ಉಲ್ಟಾ ದಿಕ್ಕಿಗೆ, ಈಸ್ಟ್ ಪಾಯಿಂಟ್ ಸುತ್ತಮುತ್ತ. ಮಾರ್ಟಾ ರೈಲಿನಲ್ಲಿ ಏರ್‌ಪೋರ್ಟ್‌ಗೆ ಹೋಗುವಾಗ ಈಸ್ಟ್ ಪಾಯಿಂಟ್ ಸ್ಟೇಷನ್ ಸಿಗುತ್ತದೆ. ಇಳಿಯದೆ ಮುಂದೆ ಹೋಗುವವರೇ ನಾವೆಲ್ಲ. 'ಎಲಿವೇಟರ್ಸ್' ಶುರುವಿನಲ್ಲೇ ಆಂಡ್ರೆ ಅಲ್ಲಿನ ಹೆಡ್‌ಲ್ಯಾಂಡ್, ಡೆಲೋ ರಸ್ತೆಗಳು ಸೇರುವ ಮೂಲೆಯ ಹೆಸರು ಹೇಳುತ್ತಾನೆ. ಮಾರ್ಟಾದಲ್ಲಿ ಓಡಾಡಿದ್ದನ್ನೂ ಹೇಳುತ್ತಾನೆ. ಮ್ಯಾಪ್ ತೆರೆದು ಆ ಮೂಲೆ ಹುಡುಕಿ, ಆಮೇಲೆ ಹಾಡು ಕೇಳಿ. ನಾನು ಉಚ್ಚಾರ ಬಿಡಿಸಿಕೊಂಡದ್ದು ಹಾಗೆ. ಜಾಗ ಗೊತ್ತಾದರೆ ಮಾತು ತಾನಾಗಿ ಕೇಳಿಸುತ್ತದೆ.

ಕೊನೆಯಲ್ಲಿ ಆಂಡ್ರೆ ಹೇಳುವ ಕಥೆಯನ್ನಂತೂ ಬಿಡಲೇಬೇಡಿ. ಸ್ಕೂಲಿನಲ್ಲಿ ಜೊತೆಗಿದ್ದವನು ಅಂತ ಹೇಳಿಕೊಂಡು ಒಬ್ಬ ಸಿಗುತ್ತಾನೆ. ಇವನಿಗೆ ಈಗ ದುಡ್ಡೋ ದುಡ್ಡು ಅಂದುಕೊಂಡಿದ್ದಾನೆ. ಅಭಿಮಾನಿಗಳು ಇದ್ದಾರೆ ನಿಜ, ವಾರ ಕಳೆಯೋಕೆ ದುಡ್ಡು ಸಾಲದು ಅಂತ ಆಂಡ್ರೆ ಅವನಿಗೆ ಬಿಡಿಸಿ ಹೇಳುತ್ತಾನೆ. ಆಲ್ಬಂ ಹಿಟ್ ಆದ ರ‍್ಯಾಪರ್ ಹೀಗೆ ಹೇಳುವುದು ಅಪರೂಪ ಅಲ್ವಾ?

ಹಿನ್ನೆಲೆ ಕೂಡ ಗೊತ್ತಿರಲಿ. 1995ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಸೋರ್ಸ್ ಅವಾರ್ಡ್ಸ್ ಅನ್ನುವ ರ‍್ಯಾಪ್ ಪ್ರಶಸ್ತಿ ಸಮಾರಂಭದಲ್ಲಿ ಹೊಸ ತಂಡದ ಪ್ರಶಸ್ತಿ ಇವರಿಗೆ ಬಂತು. ಸಭೆಯಲ್ಲಿದ್ದವರು 'ಬೂ' ಅಂತ ಕೂಗಿದರು. ಅಟ್ಲಾಂಟಾ ಇರುವ ಅಮೆರಿಕದ ದಕ್ಷಿಣದವರಿಗೂ ಹೇಳೋದಿದೆ ಅಂತ ಆಂಡ್ರೆ ಮೈಕ್‌ನಲ್ಲಿ ಹೇಳಿ ಇಳಿದ. ಮುಂದಿನ ವರ್ಷ ಬಂದದ್ದೇ ಈ ಆಲ್ಬಂ. ಬೇರೆ ಯಾರಾದರೂ ಆಗಿದ್ದರೆ ಆಲ್ಬಂ ತುಂಬ ಜಗಳ ಇರುತ್ತಿತ್ತು. ಇವರು ಹೌದಪ್ಪ, ನಾವು ನಿಮ್ಮ ಲೋಕದವರೇ ಅಲ್ಲ ಅಂತ ಅನ್ಯಗ್ರಹದವರ ವೇಷ ಹಾಕಿಬಿಟ್ಟರು. ಸಿಡಿ ಜೊತೆ ಒಂದು ಕಾಮಿಕ್ ಪುಸ್ತಕವೂ ಬರುತ್ತಿತ್ತು. ಅಷ್ಟು ಹೊತ್ತಿಗೆ ಆಂಡ್ರೆ ಕುಡಿತ, ಗಾಂಜಾ ಎಲ್ಲಾ ಬಿಟ್ಟಿದ್ದ. ಬಿಗ್ ಬಾಯ್ ಅಪ್ಪನಾಗಿದ್ದ. ನಿಮಗೆ ನಿಧಾನ ಅನಿಸುತ್ತಿರುವುದರ ಹಿಂದೆ ಇದೆಲ್ಲ ಇದೆ.

ಮೈಸೂರಿನಿಂದ: ನಾನು ಮಾಡಿದ್ದು ಬೇರೆ. 2021ರಲ್ಲಿ 25 ವರ್ಷದ ನೆನಪಿಗೆ ಬಂದ ಆವೃತ್ತಿಯಲ್ಲಿ ಹಾಡುಗಳ ಬರೀ ಸಂಗೀತವೂ ಇದೆ. ಕೆಲಸ ಮಾಡುವಾಗ ಅದನ್ನು ಸುಮ್ನೆ ಹಾಕಿಟ್ಟೆ. ಬೀಟ್ ಕಿವಿಗೆ ಒಗ್ಗಿದ ಮೇಲೆ ಸಾಹಿತ್ಯ ಓದುತ್ತಾ ಪೂರ್ತಿ ಹಾಡು ಕೇಳಿದೆ. ಎರಡನ್ನೂ ಒಟ್ಟಿಗೆ ಹಿಡಿಯೋಕೆ ಹೋದರೆ ಎರಡೂ ಸಿಗುವುದಿಲ್ಲ.

ಹುಬ್ಬಳ್ಳಿಯಿಂದ: ನಾನು ಸ್ವಲ್ಪ ತಕರಾರು ತೆಗೀತೀನಿ. ಹಿಡಿಸಲೇಬೇಕು ಅಂತ ಏನಿಲ್ಲ. ದ್ವಿತೀಯಾರ್ಧ ನನಗೂ ಎಳೆದಂತೆ ಅನಿಸುತ್ತದೆ. 'ಮೇನ್‌ಸ್ಟ್ರೀಮ್' ಬಂದರೆ ಈಗಲೂ ಮುಂದಕ್ಕೆ ಹೋಗುತ್ತೇನೆ. 'ಇಟಿ' ಹಾಡಿನಲ್ಲಂತೂ ಡ್ರಮ್ಸೇ ಇಲ್ಲ, ಹೊಸಬರಿಗೆ ಅದು ಕಷ್ಟ. 'ವೀಲ್ಸ್ ಆಫ್ ಸ್ಟೀಲ್' ಹಾಕಿ ನೋಡಿ, ಸ್ಕ್ರ್ಯಾಚಿಂಗ್ (ತಿರುಗುವ ರೆಕಾರ್ಡನ್ನು ಹಿಂದೆ ಮುಂದೆ ಎಳೆದು ಬರಿಸುವ ಸದ್ದು) ಇದೆ, ತಲೆ ಅಲ್ಲಾಡಿಸಬಹುದು.

ಪ್ರಶ್ನೆ ಕೇಳಿದವರು: 'ಎಲಿವೇಟರ್ಸ್' ಹೆಡ್‌ಫೋನ್‌ನಲ್ಲಿ ಕೇಳಿದೆ. ಬೇಸ್ ಈಗ ಸಿಕ್ಕಿತು. ಮುಂದೆ?

ಬೆಂಗಳೂರಿನಿಂದ: ಈಗ ಆಲ್ಬಂ ಹೆಸರಿನ ಹಾಡು. ಅದೂ ಅವರೇ ಮಾಡಿದ್ದು, ಆಂಡ್ರೆ ಕುಡಿತ ಬಿಟ್ಟ ಮಾತು ಅದರಲ್ಲೇ ಬರುತ್ತದೆ. ಆಮೇಲೆ ಒಂದು ರಾತ್ರಿ ಬಿಡುವು ಮಾಡಿಕೊಂಡು ಮೊದಲಿಂದ ಕೊನೆವರೆಗೆ ಕೇಳಿ. ಶಫಲ್ ಬೇಡವೇ ಬೇಡ. ಕೊನೆಯ ಹಾಡು ಅಟ್ಲಾಂಟಾದ ಕವಿ ಬಿಗ್ ರೂಬ್‌ನ ಬರೀ ಮಾತಿನಿಂದ ಶುರುವಾಗಿ ವಯಸ್ಸಾಗುವುದರ ಬಗ್ಗೆ ಹೋಗುತ್ತದೆ. ಮಧ್ಯದಲ್ಲಿ ಒಂದೇ ಹಾಕಿದರೆ ಅದು ಸಪ್ಪೆ.

ಅಷ್ಟಾದರೂ ಒಗ್ಗದಿದ್ದರೆ ಒದ್ದಾಡಬೇಡಿ. 1998ರ 'ಅಕ್ವೆಮಿನೈ'ಗೆ ಹೋಗಿ. ಅಲ್ಲಿ ತುತ್ತೂರಿ ಎಲ್ಲಾ ಇದೆ, ಮೊದಲ ಆಲ್ಬಂನಲ್ಲಿ ನಿಮಗೆ ಹಿಡಿಸಿದ ಫಂಕ್, ಅಂದ್ರೆ ಮೈ ಕುಣಿಸುವ ಲಯ, ವಾಪಸ್ ಸಿಗುತ್ತದೆ. ಅದು ಮುಗಿಸಿ ಇದಕ್ಕೆ ಬಂದವರೂ ನಮ್ಮಲ್ಲಿ ಇದ್ದಾರೆ.